ಓಟದ ಗಾಡಿಯೂ ಮನೆಯ ಲೆಕ್ಕವೂ

ಮೋಟಾರು ಪಂದ್ಯದ ಚಿತ್ರವೆಂದ ಕೂಡಲೆ ಮಕ್ಕಳು ಹಿಗ್ಗುತ್ತಾರೆ. ಹಿರಿಯರು ಬರಿಯ ಗದ್ದಲವೆಂದು ಎದ್ದು ಹೋಗುತ್ತಾರೆ. ಆದರೆ ನಮ್ಮ ಮುಂಬಯಿಯ ಚಿತ್ರೋದ್ಯಮವೇ ತಯಾರಿಸಿದ ಇಂಥದೊಂದು ಚಿತ್ರವನ್ನು ಹಿರಿಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಬೇಕೆಂದು ನಾವು ಹೇಳಬಯಸುತ್ತೇವೆ. ಅದು 2007ರ ಏಪ್ರಿಲಿನಲ್ಲಿ ತೆರೆಕಂಡ ‘ತಾ ರಾ ರಂ ಪಂ’. ಯಶ್ ರಾಜ್ ಸಂಸ್ಥೆಯ ಈ ಚಿತ್ರದ ನಿರ್ದೇಶಕರು ಸಿದ್ಧಾರ್ಥ ಆನಂದ್.

ಗಾಡಿಯನ್ನು ನಂಬಿದ ಚಿತ್ರಗಳು ಮುಂಬಯಿಗೆ ಹೊಸತಲ್ಲ. 1958ರ ‘ಚಲತಿ ಕಾ ನಾಮ್ ಗಾಡಿ’ಯಲ್ಲಿ ಅಶೋಕ್, ಅನೂಪ್, ಕಿಶೋರ್ ಎಂಬ ಒಡಹುಟ್ಟಿದ ಮೂವರು ಗ್ಯಾರೇಜು ನಡೆಸುವ ಅಣ್ಣತಮ್ಮಂದಿರಾಗಿ ನಾಡನ್ನೇ ನಗಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ಫಿರೋಜ್ ಖಾನ್ 1972ರಲ್ಲಿ ‘ಅಪರಾಧ್’ ಚಿತ್ರವನ್ನು ನಿರ್ದೇಶಿಸಿ, ಜರ್ಮನಿಯ ಮೋಟಾರು ಪಂದ್ಯವನ್ನು ನಮ್ಮ ತೆರೆಗೆ ತಂದರು. ಒಂದು ನಗೆಯನ್ನು ಕೊಟ್ಟಿತು, ಇನ್ನೊಂದು ವೇಗವನ್ನು. ‘ತಾ ರಾ ರಂ ಪಂ’ ಗಾಡಿಯನ್ನು ಮನೆಯ ಜಮಾಖರ್ಚಿನೊಳಕ್ಕೆ ಓಡಿಸಿತು.

ಕತೆ ನಡೆಯುವುದು ನ್ಯೂಯಾರ್ಕಿನಲ್ಲಿ. ಪಂದ್ಯದ ಗಾಡಿಗಳ ಚಕ್ರ ಬದಲಾಯಿಸುತ್ತಿದ್ದ ರಾಜವೀರನಿಗೆ (ಸೈಫ್ ಅಲಿ ಖಾನ್) ತಾನೇ ಗಾಡಿ ಓಡಿಸುವ ಅವಕಾಶ ಸಿಗುತ್ತದೆ. ಗೆಲುವಿನ ಮೇಲೆ ಗೆಲುವು. ಸಿರಿವಂತರ ಮಗಳು ರಾಧಿಕಾ (ರಾಣಿ ಮುಖರ್ಜಿ) ತಂದೆಯ ಮನಸ್ಸಿಗೆ ವಿರುದ್ಧವಾಗಿ ಅವನ ಕೈಹಿಡಿಯುತ್ತಾಳೆ. ದೊಡ್ಡ ಮನೆ, ಎರಡು ಮುದ್ದು ಮಕ್ಕಳು, ಬೇಕಾದ ಸಾಮಾನೆಲ್ಲ ಸಾಲದ ಮೇಲೆ. ಒಂದು ಅಪಘಾತ, ಅದರೊಡನೆ ಧೈರ್ಯವೂ ಹೋಯಿತು, ಕೆಲಸವೂ ಹೋಯಿತು. ಮನೆ ಬಿಟ್ಟು ಸಣ್ಣ ಬಿಡಾರಕ್ಕೆ ಬಂದ ಪಂದ್ಯವೀರ ಟ್ಯಾಕ್ಸಿ ಓಡಿಸುವಂತಾಗುತ್ತದೆ.

ಚಿತ್ರದ ತಿರುಳಿರುವುದು ಇಲ್ಲಿ. ಬಡತನ ಬಂತೆಂದು ಮಕ್ಕಳಿಗೆ ಹೇಳಲು ಹೆತ್ತವರಿಗೆ ಬಾಯಿ ಬರುವುದಿಲ್ಲ. ಇದೊಂದು ಟೆಲಿವಿಷನ್ ಸ್ಪರ್ಧೆ, ಬಡವರಂತೆ ಬದುಕಿ ತೋರಿಸಿದರೆ ಬಹುಮಾನ ಎಂದು ನಂಬಿಸುತ್ತಾರೆ. ಹಾಡಿನಲ್ಲಿ ಕುಣಿಯುವ ಬಣ್ಣದ ಕಾರ್ಟೂನು ಕರಡಿಗಳನ್ನು ಕಂಡು ನಮ್ಮ ಮಕ್ಕಳು ಚಪ್ಪಾಳೆ ತಟ್ಟುವುದು ಖಂಡಿತ. ಆದರೆ ಆ ಮನೆಯ ಮಕ್ಕಳು ನಿಜವನ್ನು ತಾವೇ ಅರಿತುಕೊಂಡಿರುತ್ತಾರೆ. ಮಧ್ಯಾಹ್ನದ ಊಟ ಬಿಟ್ಟು ಆ ಹಣವನ್ನು ಕೂಡಿಡುತ್ತಾರೆ. ಹಸಿವು ತಡೆಯದೆ ಕಸದಿಂದ ಆಯ್ದು ತಿಂದ ಮಗನ ಹೊಟ್ಟೆಗೆ ಗಾಜಿನ ಚೂರು ಸೇರುತ್ತದೆ. ಚಿಕಿತ್ಸೆಯ ಹಣಕ್ಕಾಗಿ ತಂದೆ ಮತ್ತೆ ಪಂದ್ಯಕ್ಕಿಳಿಯುತ್ತಾನೆ.

ಕೊನೆಯ ಗೆಲುವು ಸಿನಿಮಾದ ಗೆಲುವು. ಅದನ್ನು ನಂಬಿ ಯಾರೂ ಸಾಲ ಮಾಡಬಾರದು. ಆದರೆ ಮಕ್ಕಳಿಂದ ಮುಚ್ಚಿಟ್ಟ ಕಷ್ಟವನ್ನು ಮಕ್ಕಳೇ ಒಳಗೊಳಗೆ ಹೊರುತ್ತಾರೆಂಬ ಮಾತು ಸಿನಿಮಾದ ಮಾತಲ್ಲ.

ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಲ್ಲಿ ಅನೇಕರು ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದರು. ಅಲ್ಲಿ ಕಿರಾಣಿ ಬಾಕಿಯಿಂದ ಹಿಡಿದು ಊರಿಗೆ ಕಳಿಸುವ ಹಣದವರೆಗೆ ಎಲ್ಲ ಲೆಕ್ಕವೂ ಮಕ್ಕಳ ಕಿವಿಯ ಮೇಲೆಯೇ ಆಗುತ್ತಿತ್ತು. ಇಂದು ಠಾಣೆ, ಡೊಂಬಿವಲಿ, ಮೀರಾ ರೋಡುಗಳಲ್ಲಿ ಸಾಲದ ಮೇಲೆ ಫ್ಲ್ಯಾಟು ಕೊಂಡಿದ್ದೇವೆ. ಒಳಕೋಣೆಗೆ ಬಾಗಿಲು ಬಂದಿದೆ. ಕಂತಿನ ಚಿಂತೆ ಆ ಬಾಗಿಲ ಹಿಂದೆ ಕುಳಿತಿದೆ. ಮಗಳ ಟ್ಯೂಷನ್ ನಿಲ್ಲುತ್ತದೆ, ಊರಿನ ಪ್ರಯಾಣ ಮುಂದಕ್ಕೆ ಹೋಗುತ್ತದೆ. ಏಕೆಂದು ಯಾರೂ ಹೇಳುವುದಿಲ್ಲ. ಮಗು ತನಗೆ ತೋಚಿದ ಕಾರಣವನ್ನು, ಕೆಲವೊಮ್ಮೆ ತನ್ನದೇ ತಪ್ಪೆಂದು, ಕಲ್ಪಿಸಿಕೊಳ್ಳುತ್ತದೆ.

ಮರುವರ್ಷ, 2008ರಲ್ಲಿ, ಅಮೆರಿಕದಿಂದ ಬಂದ ‘ಸ್ಪೀಡ್ ರೇಸರ್’ ಹಳೆಯ ಜಪಾನೀ ಕಾರ್ಟೂನಿನಿಂದ ಹುಟ್ಟಿದ್ದು. ಕಾಮನಬಿಲ್ಲನ್ನೇ ಹರಡಿದಂಥ ಬಣ್ಣ ಅದರದು. ಅಲ್ಲಿ ತಂದೆ ಗಾಡಿ ಕಟ್ಟುತ್ತಾನೆ, ಮಗ ಓಡಿಸುತ್ತಾನೆ. ದೊಡ್ಡ ಕಂಪನಿಯ ಒಡೆಯ ಹಣದ ಆಸೆ ತೋರಿಸಿದಾಗ, ಮಗ ತಂದೆಯೊಡನೆ ಮಾತಾಡಿದ ಬಳಿಕವೇ ಒಲ್ಲೆನೆನ್ನುತ್ತಾನೆ. ಹಣದ ಮಾತನ್ನು ಮನೆಯೊಳಗೆ ಆಡುವ ರೀತಿಗೆ ಅದೊಂದು ಒಳ್ಳೆಯ ಮಾದರಿ.

ಎರಡನ್ನೂ ರಜೆಯ ದಿನಗಳಲ್ಲಿ ಮನೆಮಂದಿಯೆಲ್ಲ ಕೂಡಿ ನೋಡಬಹುದು. ಚಿತ್ರ ಮುಗಿದ ಮೇಲೆ ಮಕ್ಕಳು ಗಾಡಿಯ ವೇಗವನ್ನು ಹೊಗಳಲಿ. ತಂದೆತಾಯಿಗಳು ಈ ತಿಂಗಳ ಕಂತೆಷ್ಟು, ಉಳಿಯುವುದೆಷ್ಟು ಎಂದು ಅವರ ವಯಸ್ಸಿಗೆ ತಕ್ಕಷ್ಟು ತಿಳಿಸಲಿ. ಮಕ್ಕಳು ಬೆದರಲಾರರು. ನಮ್ಮನ್ನೂ ಲೆಕ್ಕಕ್ಕೆ ಹಿಡಿದರಲ್ಲ ಎಂಬ ಹೆಮ್ಮೆ ಅವರಿಗೆ ಬಂದೀತು.