ಒಂದೇ ಕಡಲತೀರ, ಎರಡು ಪೇಟೆ: ಸೊಸುವಾ ಮತ್ತು ಕಬರೆಟೆಯ ಪ್ರವಾಸಿ ವಹಿವಾಟು

ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಮೊದಲು ಎಣಿಕೆಯಾಗುವುದು ಬಂದುಹೋದವರ ಸಂಖ್ಯೆ. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಬಂದವರ ಹಣದಲ್ಲಿ ಎಷ್ಟು ಪಾಲು ಊರಿನ ಪೇಟೆಗೆ ಇಳಿಯುತ್ತದೆ, ವರ್ಷದ ಎಷ್ಟು ತಿಂಗಳು ಇಳಿಯುತ್ತದೆ ಎಂಬುದೇ ಆ ಪ್ರಶ್ನೆ. ಇದನ್ನು ಅರಿಯಲು ಕೆರಿಬಿಯನ್ ದ್ವೀಪರಾಷ್ಟ್ರವಾದ ಡೊಮಿನಿಕನ್ ಗಣರಾಜ್ಯದ ಎರಡು ಸಣ್ಣ ಕಡಲತೀರದ ಊರುಗಳು ಉತ್ತಮ ನಿದರ್ಶನವಾಗಿವೆ.

ಸೊಸುವಾ ಮತ್ತು ಕಬರೆಟೆ ದೇಶದ ಉತ್ತರ ಕರಾವಳಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿ ನಿಂತಿವೆ. ಎರಡರ ನಡುವಿನ ಅಂತರ ಹದಿನೈದು ಕಿಲೋಮೀಟರಿಗೂ ಕಡಿಮೆ. ಎರಡಕ್ಕೂ ಒಂದೇ ಹೆದ್ದಾರಿ; ಪುಯೆರ್ಟೊ ಪ್ಲಾಟಾ ನಗರ ಮತ್ತು ಸೊಸುವಾದ ನಡುವೆ ಇರುವ ಒಂದೇ ವಿಮಾನ ನಿಲ್ದಾಣ. ಆಡಳಿತದ ದೃಷ್ಟಿಯಿಂದ ಕಬರೆಟೆಯು ಸೊಸುವಾ ಪುರಸಭೆಗೆ ಸೇರಿದ ಉಪವಿಭಾಗ. ಹೀಗಿದ್ದೂ ಪ್ರವಾಸಿಗರಿಗಾಗಿ, ವಿದೇಶಿ ನಿವಾಸಿಗಳಿಗಾಗಿ, ಹೂಡಿಕೆಗಾಗಿ ಇವೆರಡೂ ದಶಕಗಳಿಂದ ಪರಸ್ಪರ ಪೈಪೋಟಿ ನಡೆಸುತ್ತ ಬಂದಿವೆ.

ಹಾಲು, ಬೆಣ್ಣೆಯಿಂದ ಬೆಳೆದ ಊರು

ಸೊಸುವಾದ ಆರ್ಥಿಕ ಇತಿಹಾಸ ಪ್ರವಾಸಿಗರಿಂದ ಆರಂಭವಾದುದಲ್ಲ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ರಾಷ್ಟ್ರಗಳು ಸೇರಿ, ನಾಜಿ ಆಡಳಿತದಿಂದ ತಪ್ಪಿಸಿಕೊಳ್ಳುತ್ತಿದ್ದ ಯಹೂದಿ ನಿರಾಶ್ರಿತರ ಸಮಸ್ಯೆಯನ್ನು ಚರ್ಚಿಸಿದವು. ಬಹುತೇಕ ರಾಷ್ಟ್ರಗಳು ಹಿಂಜರಿದಾಗ, ಒಂದು ಲಕ್ಷ ಮಂದಿಯವರೆಗೆ ಆಶ್ರಯ ನೀಡುವುದಾಗಿ ಮುಂದೆ ಬಂದದ್ದು ಡೊಮಿನಿಕನ್ ಸರಕಾರ. ಸರ್ವಾಧಿಕಾರಿ ರಫಾಯೆಲ್ ಟ್ರುಹಿಯೊನ ಈ ಔದಾರ್ಯದ ಹಿಂದೆ, 1937ರಲ್ಲಿ ನಡೆದ ಹೈಟಿಯನ್ನರ ಹತ್ಯಾಕಾಂಡದಿಂದ ಕೆಟ್ಟಿದ್ದ ಹೆಸರನ್ನು ಸರಿಪಡಿಸಿಕೊಳ್ಳುವ ಉದ್ದೇಶವಿತ್ತೆಂದು ಇತಿಹಾಸಕಾರರು ಗುರುತಿಸಿದ್ದಾರೆ.

1940ರ ಜನವರಿಯಲ್ಲಿ ಒಪ್ಪಂದವಾಯಿತು. ಹಿಂದೆ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆ ತೋಟವಾಗಿದ್ದ ಸುಮಾರು 26,000 ಎಕರೆ ಭೂಮಿಯಲ್ಲಿ ವಸತಿ ಯೋಜನೆ ತಲೆಯೆತ್ತಿತು. ಯುದ್ಧದ ಅಡೆತಡೆಗಳಿಂದಾಗಿ ಅಲ್ಲಿಗೆ ತಲುಪಿದವರು ಕೆಲವೇ ನೂರು ಮಂದಿ. ಅವರಲ್ಲಿ ಹೆಚ್ಚಿನವರು ಜರ್ಮನಿ ಮತ್ತು ಆಸ್ಟ್ರಿಯಾದ ನಗರವಾಸಿಗಳು, ಬೇಸಾಯದ ಅನುಭವವಿಲ್ಲದವರು. ಮೊದಲ ಬೆಳೆಗಳು ಕೈಗೂಡದಿದ್ದಾಗ ಅವರು ಹೈನುಗಾರಿಕೆಗೆ ತಿರುಗಿದರು. ಸಹಕಾರಿ ಪದ್ಧತಿಯಲ್ಲಿ ಹಾಲು ಸಂಗ್ರಹಿಸಿ ಬೆಣ್ಣೆ, ಚೀಸ್ ತಯಾರಿಸಿದರು. ಮಾಂಸ ಸಂಸ್ಕರಣೆಯನ್ನೂ ಆರಂಭಿಸಿದರು. ‘ಸೊಸುವಾ’ ಎಂಬ ಊರಿನ ಹೆಸರೇ ದೇಶವ್ಯಾಪಿ ಮಾರಾಟವಾಗುವ ಡೇರಿ ಮತ್ತು ಮಾಂಸ ಉತ್ಪನ್ನಗಳ ಬ್ರ್ಯಾಂಡ್ ಆಯಿತು. 2004ರಲ್ಲಿ ಆ ಬ್ರ್ಯಾಂಡ್ ಮೆಕ್ಸಿಕೊದ ಆಹಾರ ಕಂಪನಿಯೊಂದರ ಪಾಲಾಯಿತು.

ಯುದ್ಧಾನಂತರ ಅನೇಕ ವಲಸಿಗರು ಅಮೆರಿಕಕ್ಕೆ ತೆರಳಿದರು. ಉಳಿದವರ ಭೂಮಿಗೆ ಪ್ರವಾಸೋದ್ಯಮದ ಕಾಲದಲ್ಲಿ ಅನಿರೀಕ್ಷಿತ ಬೆಲೆ ಬಂದಿತು. ಇಂದಿಗೂ ಊರು ಎರಡು ಭಾಗಗಳಾಗಿದೆ. ಪೂರ್ವಕ್ಕೆ, ವಲಸಿಗರು ನೆಲೆಸಿದ್ದ ಎಲ್ ಬಟೆ. ಅಲ್ಲಿಯೇ ಹೋಟೆಲು, ಬ್ಯಾಂಕು, ವಿದೇಶೀಯರ ಮನೆಗಳಿವೆ. ಪಶ್ಚಿಮಕ್ಕೆ, ಸ್ಥಳೀಯರ ಲಾಸ್ ಚರಮಿಕೋಸ್. ನಡುವೆ ಶಾಂತವಾದ ಅರ್ಧಚಂದ್ರಾಕಾರದ ಕೊಲ್ಲಿ.

ಗಾಳಿಯೇ ಬಂಡವಾಳವಾದ ಊರು

ಕಬರೆಟೆಗೆ ಇಂತಹ ಕೈಗಾರಿಕಾ ಹಿನ್ನೆಲೆಯಿಲ್ಲ. ಕಡಲಿಗೂ ಹಿಂದಿನ ಖಾರಿಗೂ ನಡುವಣ ಕಿರಿದಾದ ಪಟ್ಟಿಯಲ್ಲಿದ್ದ ಈ ಹಳ್ಳಿಯನ್ನು 1980ರ ದಶಕದಲ್ಲಿ ವಿಂಡ್‌ಸರ್ಫಿಂಗ್ ಕ್ರೀಡಾಪಟುಗಳು ಗುರುತಿಸಿದರು. ಕಾರಣ ಭೌಗೋಳಿಕವಾದುದು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಕ್ಕೆ, ಮಧ್ಯಾಹ್ನ ನೆಲ ಕಾದಾಗ ಏಳುವ ಕಡಲಗಾಳಿ ಕೂಡಿಕೊಳ್ಳುತ್ತದೆ. ತೀರದಾಚೆಯ ಹವಳದ ದಿಬ್ಬ ದೊಡ್ಡ ಅಲೆಗಳನ್ನು ತಡೆಯುತ್ತದೆ. 1990ರ ದಶಕದ ಕೊನೆಗೆ ಗಾಳಿಪಟದ ಸಹಾಯದಿಂದ ನೀರಿನ ಮೇಲೆ ಸಾಗುವ ಕೈಟ್‌ಸರ್ಫಿಂಗ್ ಬಂದಿತು. ಊರಿನ ಪಶ್ಚಿಮದ ತೀರಕ್ಕೆ ‘ಕೈಟ್ ಬೀಚ್’ ಎಂಬ ಹೆಸರೇ ನಿಂತಿತು.

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯನ್ನು ಈ ಊರು ಅಕ್ಷರಶಃ ಪಾಲಿಸಿದೆ. ದಿನದ ವಹಿವಾಟು ಗಾಳಿಯ ವೇಳಾಪಟ್ಟಿಯಂತೆ ನಡೆಯುತ್ತದೆ. ಬೆಳಗ್ಗೆ ಸಮೀಪದ ಎನ್‌ಕ್ವೆಂತ್ರೊ ತೀರದಲ್ಲಿ ಅಲೆ ಸವಾರಿ, ಮಧ್ಯಾಹ್ನ ಕೈಟ್, ಸಂಜೆ ಮರಳಿನ ಮೇಲೆಯೇ ಮೇಜು ಹಾಕುವ ಉಪಾಹಾರಗೃಹಗಳು. ತರಬೇತಿ ಶಾಲೆ, ಸಲಕರಣೆಗಳ ಬಾಡಿಗೆ, ಹರಿದ ಕೈಟ್‌ಗಳ ಹೊಲಿಗೆ, ಬೋರ್ಡ್ ದುರಸ್ತಿ, ಅಡುಗೆಮನೆಯುಳ್ಳ ಬಾಡಿಗೆ ಕೊಠಡಿ ಹೀಗೆ ಸಣ್ಣ ಉದ್ಯಮಗಳ ಸರಪಳಿಯೇ ಬೆಳೆದಿದೆ. ಕ್ರೀಡೆ ಕಲಿಯಲು ಬಂದವನು ಎರಡು ದಿನಕ್ಕೆ ಹೊರಡಲಾರ. ವಾರಗಟ್ಟಲೆ ನಿಲ್ಲುತ್ತಾನೆ, ಮುಂದಿನ ವರ್ಷ ಮರಳಿ ಬರುತ್ತಾನೆ. ಗಾಳಿ ಕುಗ್ಗುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮಾತ್ರ ಪೇಟೆ ಮಂಕಾಗುತ್ತದೆ.

ಹೋಟೆಲಿನ ಆವರಣದಲ್ಲಿಯೇ ಉಳಿಯುವ ಹಣ

ಇವೆರಡರ ಪೈಪೋಟಿಗಿಂತ ದೊಡ್ಡ ಸವಾಲು ಹೊರಗಿನಿಂದ ಬಂದಿತು. 1971ರ ಪ್ರವಾಸೋದ್ಯಮ ಪ್ರೋತ್ಸಾಹ ಕಾಯಿದೆ ಹಾಗೂ ಬಳಿಕ ದೊರೆತ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಸರಕಾರವು ಪುಯೆರ್ಟೊ ಪ್ಲಾಟಾ ಪ್ರದೇಶವನ್ನು ಅಭಿವೃದ್ಧಿಪಡಿಸಿತು. ಪ್ಲಾಯಾ ದೊರಾದಾ ಎಂಬ ಹೋಟೆಲು ಸಮುಚ್ಚಯ ಹುಟ್ಟಿತು. ಅಲ್ಲಿ ಬೇರೂರಿದ್ದು ‘ಎಲ್ಲವೂ ಸೇರಿದ’ ದರದ ಪದ್ಧತಿ. ಪ್ರವಾಸಿಗನು ವಿಮಾನ, ಕೊಠಡಿ, ಊಟ, ಪಾನೀಯಗಳ ಹಣವನ್ನು ತನ್ನ ದೇಶದಲ್ಲಿಯೇ ಪ್ರವಾಸ ಕಂಪನಿಗೆ ಪಾವತಿಸಿ ಬರುತ್ತಾನೆ. ಊಟಕ್ಕೆ ಹಣ ಕೊಟ್ಟಾಗಿರುವುದರಿಂದ ಬೀದಿಯ ಉಪಾಹಾರಗೃಹಕ್ಕೆ ಹೋಗಲು ಅವನಿಗೆ ಕಾರಣವಿಲ್ಲ. ಹೋಟೆಲು ಸಗಟಾಗಿ ಖರೀದಿಸುತ್ತದೆ. ಅಷ್ಟು ಪ್ರಮಾಣ, ಏಕರೂಪದ ಗುಣಮಟ್ಟ ಹಾಗೂ ದೀರ್ಘ ಉದ್ದರಿಯನ್ನು ನಿಭಾಯಿಸುವುದು ಸಣ್ಣ ಪೂರೈಕೆದಾರನಿಗೆ ಸುಲಭವಲ್ಲ.

ದೇಶದ ಪೂರ್ವ ತುದಿಯ ಪುಂಟಾ ಕಾನಾದಲ್ಲಿ 1984ರಲ್ಲಿ ಖಾಸಗಿ ವಿಮಾನ ನಿಲ್ದಾಣ ತೆರೆದ ಬಳಿಕ ಈ ಪದ್ಧತಿ ಅಲ್ಲಿ ಬೃಹತ್ತಾಗಿ ಬೆಳೆಯಿತು. ಉತ್ತರ ಕರಾವಳಿ ಕ್ರಮೇಣ ಹಿಂದೆ ಬಿದ್ದಿತು. 1996ರ ಫೆಬ್ರವರಿ 6ರಂದು ಪುಯೆರ್ಟೊ ಪ್ಲಾಟಾದಿಂದ ಜರ್ಮನಿಗೆ ಹೊರಟ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಮೃತಪಟ್ಟದ್ದು ಈ ಪ್ರದೇಶದ ಜರ್ಮನ್ ಮಾರುಕಟ್ಟೆಗೆ ಭಾರಿ ಪೆಟ್ಟು ಕೊಟ್ಟಿತು. 2015ರಲ್ಲಿ ಆಂಬರ್ ಕೋವ್, 2021ರಲ್ಲಿ ತೈನೊ ಬೇ ಎಂಬ ಕ್ರೂಸ್ ಹಡಗುಗಳ ಬಂದರುಗಳು ಪುಯೆರ್ಟೊ ಪ್ಲಾಟಾ ಬಳಿ ತೆರೆದವು. ಇವು ಜನರನ್ನು ಸಾವಿರಗಟ್ಟಲೆ ತರುತ್ತವೆ. ಆದರೆ ಹಡಗಿನ ಪ್ರಯಾಣಿಕ ಕೆಲವೇ ಗಂಟೆಗಳಲ್ಲಿ ಮರಳಬೇಕು. ಅವನ ಊಟವೂ ಹಾಸಿಗೆಯೂ ಹಡಗಿನಲ್ಲಿಯೇ ಇವೆ. 2023ರಲ್ಲಿ ದೇಶಕ್ಕೆ ವಿಮಾನ ಹಾಗೂ ಹಡಗುಗಳ ಮೂಲಕ ಒಂದು ಕೋಟಿಗೂ ಹೆಚ್ಚು ಮಂದಿ ಬಂದರು. ಆ ಸಂಖ್ಯೆಯ ಲಾಭ ಪ್ರತಿಯೊಂದು ಪೇಟೆಬೀದಿಗೂ ಸಮನಾಗಿ ಹಂಚಿಕೆಯಾಗದಿರುವುದಕ್ಕೆ ಕಾರಣ ಇಲ್ಲಿದೆ.

ನೆಲೆಸಿದ ವಿದೇಶೀಯನೆಂಬ ಗ್ರಾಹಕ

ಇಂತಹ ಸನ್ನಿವೇಶದಲ್ಲಿ ಎರಡೂ ಊರುಗಳ ಸಣ್ಣ ವ್ಯಾಪಾರಿಗೆ ಆಸರೆಯಾದುದು ಅಲ್ಲಿಯೇ ಮನೆ ಮಾಡಿಕೊಂಡ ವಿದೇಶೀಯರು: ಕೆನಡಾ, ಅಮೆರಿಕ, ಜರ್ಮನಿ, ಫ್ರಾನ್ಸ್, ಇಟಲಿಗಳಿಂದ ಬಂದ ನಿವೃತ್ತರು ಹಾಗೂ ಸಣ್ಣ ಉದ್ಯಮಿಗಳು. 2007ರ 171-07 ಸಂಖ್ಯೆಯ ಕಾಯಿದೆಯು ತಿಂಗಳಿಗೆ ಕನಿಷ್ಠ 1,500 ಡಾಲರ್ ಪಿಂಚಣಿ ಅಥವಾ 2,000 ಡಾಲರ್ ನಿಶ್ಚಿತ ಆದಾಯವುಳ್ಳ ವಿದೇಶೀಯರಿಗೆ ನಿವಾಸದ ಪರವಾನಗಿ ಹಾಗೂ ತೆರಿಗೆ ರಿಯಾಯಿತಿಗಳನ್ನು ನಿಗದಿಪಡಿಸಿತು.

ನೆಲೆಸಿದವನ ಖರ್ಚಿನ ಸ್ವರೂಪವೇ ಬೇರೆ. ಅವನು ಸ್ಮರಣಿಕೆ ಕೊಳ್ಳುವುದಿಲ್ಲ. ಅಡುಗೆ ಅನಿಲ, ಡಬ್ಬಿಯ ಕುಡಿಯುವ ನೀರು, ಬ್ರೆಡ್ಡು, ಬಣ್ಣ, ಬೀಗ, ಕೊಳಾಯಿ ಸಾಮಾನು ಕೊಳ್ಳುತ್ತಾನೆ. ವಿದ್ಯುತ್ ಕಡಿತ ಸಾಮಾನ್ಯವಾದ ದೇಶದಲ್ಲಿ ಇನ್ವರ್ಟರ್, ಬ್ಯಾಟರಿ, ಜನರೇಟರ್, ಮಾಳಿಗೆಯ ನೀರಿನ ಟ್ಯಾಂಕ್ ಅವನ ಮನೆಯ ಅಗತ್ಯಗಳು; ಅವುಗಳ ದುರಸ್ತಿಯೂ ನಿರಂತರ. ಎಲೆಕ್ಟ್ರಿಷಿಯನ್, ತೋಟದ ಮಾಲಿ, ವಕೀಲ, ಲೆಕ್ಕಿಗ, ದಂತವೈದ್ಯ ಎಲ್ಲರಿಗೂ ಕೆಲಸ ದೊರೆಯುತ್ತದೆ. ‘ಕೊಲ್ಮಾದೊ’ ಎಂಬ ಬೀದಿಮೂಲೆಯ ಕಿರಾಣಿ ಅಂಗಡಿಗೂ, ‘ಮೋಟೊಕೊಂಚೊ’ ಎಂಬ ಬಾಡಿಗೆ ಬೈಕಿನ ಸವಾರನಿಗೂ ಅವನು ನಿತ್ಯದ ಗಿರಾಕಿ. ಒಂದು ಖರೀದಿಯ ಮೊತ್ತ ಚಿಕ್ಕದಾದರೂ ಹನಿಗೂಡಿ ಹಳ್ಳವಾಗುತ್ತದೆ. ಅದು ಹನ್ನೆರಡೂ ತಿಂಗಳು ಹರಿಯುವ ಹಳ್ಳ.

ಇದಕ್ಕೆ ಇನ್ನೊಂದು ಮುಖವೂ ಇದೆ. ಡಾಲರ್ ಆದಾಯದವರ ಬೇಡಿಕೆಯಿಂದ ನಿವೇಶನ, ಬಾಡಿಗೆಗಳ ದರ ಏರುತ್ತದೆ. ಪೆಸೊದಲ್ಲಿ ಸಂಬಳ ಪಡೆಯುವ ನೌಕರ ಕಡಲಿನಿಂದ ದೂರ ಸರಿಯುತ್ತಾನೆ. ಭೂದಾಖಲೆಯೂ ಎಚ್ಚರಿಕೆಯ ವಿಷಯ. ಪ್ರತ್ಯೇಕ ಅಳತೆಯಾಗಿ, ಗಡಿ ಗುರುತಿಸಿ ನೋಂದಣಿಯಾಗದ ಜಂಟಿ ಹಕ್ಕಿನ ಭೂಮಿಯನ್ನು ಕೊಂಡವರು ವ್ಯಾಜ್ಯಕ್ಕೆ ಸಿಲುಕುವ ಸಂಭವವಿದೆ.

ಹೆಸರು ಮತ್ತು ನಾಣ್ಯದ ಅಪಾಯ

ಸೊಸುವಾ ತೆತ್ತ ದೊಡ್ಡ ಬೆಲೆ ಅದರ ಹೆಸರಿಗೆ ಸಂಬಂಧಿಸಿದುದು. 1990ರ ದಶಕದಿಂದ ಅಲ್ಲಿ ಬೆಳೆದ ಲೈಂಗಿಕ ಪ್ರವಾಸೋದ್ಯಮವು ಬಡ ಹೆಣ್ಣುಮಕ್ಕಳ ಶೋಷಣೆಗೆ ಎಡೆಮಾಡಿತಲ್ಲದೆ, ಕುಟುಂಬಸಮೇತ ಬರುವ ಪ್ರವಾಸಿಗರು ಊರಿನಿಂದ ದೂರವುಳಿಯುವಂತೆ ಮಾಡಿತು. ಬಾರುಗಳಿಗೆ ಬಂದ ತಾತ್ಕಾಲಿಕ ಲಾಭಕ್ಕಾಗಿ ಉಳಿದ ವ್ಯಾಪಾರಿಗಳೆಲ್ಲ ದಂಡ ತೆತ್ತಂತಾಯಿತು. ಕ್ರೀಡೆಯ ಊರೆಂಬ ಹೆಸರು ಕಬರೆಟೆಗೆ ಅನುಕೂಲವಾದುದೂ ಇದೇ ಕಾಲದಲ್ಲಿ.

ಎರಡನೆಯ ಅಪಾಯ ವಿನಿಮಯ ದರದ್ದು. 2003ರಲ್ಲಿ ದೇಶದ ದೊಡ್ಡ ಬ್ಯಾಂಕೊಂದು ಕುಸಿದಾಗ, 2002ರ ಆರಂಭದಲ್ಲಿ ಡಾಲರಿಗೆ 17 ಪೆಸೊ ಆಸುಪಾಸಿನಲ್ಲಿದ್ದ ದರ 2004ರ ಆರಂಭಕ್ಕೆ 50ರ ಸಮೀಪಕ್ಕೆ ಏರಿತು. ಡಾಲರಿನಲ್ಲಿ ಗಳಿಸುತ್ತಿದ್ದವರು ಪಾರಾದರು. ಆಮದು ಸರಕನ್ನು ಪೆಸೊದಲ್ಲಿ ಮಾರುತ್ತಿದ್ದವರು ಮತ್ತೆ ದಾಸ್ತಾನು ತುಂಬಿಸಲು ಪರದಾಡಿದರು. ಮೂರನೆಯ ಪೆಟ್ಟು 2020ರದು. 2019ರಲ್ಲಿ ವಿಮಾನದ ಮೂಲಕ ಬಂದವರು ಸುಮಾರು 64 ಲಕ್ಷವಿದ್ದರೆ, ಕೋವಿಡ್ ವರ್ಷದಲ್ಲಿ ಅದು ಸುಮಾರು 24 ಲಕ್ಷಕ್ಕೆ ಇಳಿಯಿತು. ಪ್ರವಾಸಿಗರೇ ಬಾರದ ಇಂತಹ ತಿಂಗಳುಗಳಲ್ಲಿ ಪೇಟೆಗೆ ಉಳಿಯುವ ಗಿರಾಕಿಗಳೆಂದರೆ ಸ್ಥಳೀಯರು ಮತ್ತು ನೆಲೆಸಿದ ವಿದೇಶೀಯರು ಮಾತ್ರ.

ವ್ಯಾಪಾರಿಗಳು ಗಮನಿಸಬೇಕಾದ ಅಂಶಗಳು

1. ಪ್ರವಾಸಿ ತಾಣದಲ್ಲಿ ಅಂಗಡಿ ತೆರೆಯುವ ಮುನ್ನ, ಬರುವವರ ಸಂಖ್ಯೆಯೊಂದಿಗೆ ಅವರ ಊಟ ಮತ್ತು ವಸತಿಯ ಹಣ ಎಲ್ಲಿ ಪಾವತಿಯಾಗುತ್ತದೆ ಎಂಬುದನ್ನು ಪರಿಶೀಲಿಸಬೇಕು.

2. ಋತುಮಾನದ ಗಿರಾಕಿಗಾಗಿ ತುಂಬಿಸಿದ ದಾಸ್ತಾನು ಮಂದಿ ತಿಂಗಳುಗಳಲ್ಲಿ ಬಂಡವಾಳವನ್ನು ಕಟ್ಟಿಹಾಕುತ್ತದೆ. ವರ್ಷವಿಡೀ ಮಾರಾಟವಾಗುವ ಸರಕು ಅಂಗಡಿಯ ಬಾಡಿಗೆಯನ್ನಾದರೂ ಹೊರುವಂತಿರಬೇಕು.

3. ಕೌಶಲ ಕಲಿಸುವ, ದುರಸ್ತಿ ಮಾಡುವ ಸೇವೆಗಳು ಗಿರಾಕಿಯನ್ನು ಊರಿನಲ್ಲಿ ಹೆಚ್ಚು ದಿನ ನಿಲ್ಲಿಸುತ್ತವೆ.

4. ಊರಿನ ಹೆಸರು ಎಲ್ಲ ವ್ಯಾಪಾರಿಗಳ ಸಾಮಾನ್ಯ ಆಸ್ತಿ. ಅದನ್ನು ಕೆಡಿಸುವ ದಂಧೆಯನ್ನು ಆರಂಭದಲ್ಲಿಯೇ ತಡೆಯುವುದು ಆಡಳಿತದಷ್ಟೇ ವ್ಯಾಪಾರಿ ಸಂಘಗಳ ಹೊಣೆಯೂ ಆಗಿದೆ.

5. ಪ್ರವಾಸೋದ್ಯಮವು ಸ್ಥಳೀಯ ಉತ್ಪಾದನೆಗೆ ಪೂರಕವಾಗಿರಬೇಕೇ ಹೊರತು ಬದಲಿಯಾಗಬಾರದು. ಪ್ರವಾಸಿಗರು ಬರುವ ಮೊದಲೇ ತನ್ನ ಬೆಣ್ಣೆ ಮತ್ತು ಚೀಸಿನಿಂದ ದೇಶದ ಮಾರುಕಟ್ಟೆ ತಲುಪಿದ್ದ ಸೊಸುವಾದ ಇತಿಹಾಸ ಇದಕ್ಕೆ ಸಾಕ್ಷಿಯಾಗಿದೆ.