ಸೋರುವ ಮಾಳಿಗೆಗೆ ಸಿಮೆಂಟೇ ಮದ್ದೆ?

ನಗರಗೆರೆ: ಮುಂಗಾರಿನಲ್ಲಿ ಮೋಡ ನೋಡುತ್ತಾ ಕೂರುವ ಸೀಮೆ ಇದು. ಗೌರಿಹಬ್ಬ ಕಳೆಯಿತೆಂದರೆ ಹಳೇ ಮನೆಯವರ ಕಣ್ಣು ಮೋಡ ಬಿಟ್ಟು ಸೂರಿನ ಕಡೆ ತಿರುಗುತ್ತದೆ. ಗೌರಿಬಿದನೂರು ತಾಲ್ಲೂಕಿಗೆ ವರ್ಷಕ್ಕೆ ಬೀಳುವ ಮಳೆ ೭೦೦ ಮಿ.ಮೀ. ಆಸುಪಾಸು. ಅದರ ದೊಡ್ಡ ಪಾಲು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ. ಹೊಲಕ್ಕೇನೋ ಬೇಕಾದ ಮಳೆ. ಅಜ್ಜ ಕಟ್ಟಿಸಿದ ಮಾಳಿಗೆಯ ಗತಿ?

೨೦೨೧ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಿಡದೆ ಹಿಡಿದ ಮಳೆಗೆ ಹಳ್ಳಿಗಳಲ್ಲಿ ಹಳೇ ಮನೆಗಳು ಕುಸಿದದ್ದನ್ನು ಜನ ಮರೆತಿಲ್ಲ. ಮಣ್ಣಿನ ಗೋಡೆ ನೀರು ಕುಡಿದರೆ ನಿಲ್ಲದು. ಆ ನೀರು ಗೋಡೆಗಿಳಿಯುವ ದಾರಿ ಎರಡು: ಸೋರುವ ಮಾಳಿಗೆ, ಕೆಟ್ಟ ದೋಣಿ.

ಚೌಳು ಮಣ್ಣಿನ ಗುಟ್ಟು

ಈ ಕಡೆಯ ಹಳೇ ಮಾಳಿಗೆ ಎಂದರೆ ತೊಲೆ, ಜಂತಿ, ಮೇಲೆ ಮರದ ಚಕ್ಕೆ ಇಲ್ಲವೇ ಕಲ್ಲು ಚಪ್ಪಡಿ, ಅದರ ಮೇಲೆ ಮಣ್ಣು, ಕೊನೆಗೆ ಚೌಳು ಮಣ್ಣಿನ ಹೊದಿಕೆ. ಗಡಿಯಾಚೆ ತೆಲುಗಿನವರು ಇದನ್ನೇ ಚವುಡು ಅನ್ನುತ್ತಾರೆ. ಬೆಳೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೆನೆದರೆ ಉಬ್ಬಿ, ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಹಿಂದಿನವರು ಮಳೆಗೆ ಮುಂಚೆ ಹೊಸ ಚೌಳು ಹರಡುತ್ತಿದ್ದುದು ಇದಕ್ಕೇ.

ಈಗ ಆ ಕೆಲಸಕ್ಕೆ ಆಳು ಸಿಗುವುದು ಕಷ್ಟ. "ಒಂದು ಕೋಟ್ ಸಿಮೆಂಟ್ ಎಳೆಸಿಬಿಡಣ್ಣ, ಹತ್ತು ವರ್ಷ ಚಿಂತೆ ಇಲ್ಲ" ಅನ್ನುವ ಸಲಹೆಗಾರರು ಮಾತ್ರ ಬೀದಿಗೊಬ್ಬರು! ಮಣ್ಣು, ಮರ ಎರಡೂ ಹಿಗ್ಗಿ ಕುಗ್ಗುವಂಥವು. ಸಿಮೆಂಟ್ ಹಾಗೆ ಬಗ್ಗದು, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೇ ನಿಂತು ತೊಲೆಯನ್ನು ಕೊಳೆಸುತ್ತದೆ, ಗೆದ್ದಲಿಗೆ ಔತಣ ಕೊಡುತ್ತದೆ. ಮೇಲೆ ನೋಡಿದರೆ ನುಣುಪು, ಒಳಗೆ ಟೊಳ್ಳು. ಸುಣ್ಣದ ಗಾರೆಯ ತಾರಸಿಗೂ ಇದೇ ಮಾತು: ಗಾರೆಗೆ ಗಾರೆಯೇ ಸರಿ.

ಇನ್ನೊಂದು ತಪ್ಪು, ಹಳೇ ಮಣ್ಣು ತೆಗೆಯದೆ ಮೇಲೆ ಮೇಲೆ ಸುರಿಯುವುದು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ನಾಲ್ಕು ಅಂಗುಲ ಮಣ್ಣು ಹೆಚ್ಚಾದರೆ ಜಂತಿಗಳ ಮೇಲೆ ಒಂದೂವರೆ ಟನ್ನಿಗೂ ಮಿಕ್ಕ ಭಾರ. ಮಲಗಿರುವವರ ನೆತ್ತಿಯ ಮೇಲೆ ಇಷ್ಟು ತೂಕ ಬೇಕೆ?

ದೋಣಿ ಸರಿಯಿದೆಯೇ?

ಮಾಳಿಗೆ ಸರಿಮಾಡಿಸಿ ದೋಣಿ ಮರೆತರೆ ಅರ್ಧ ಕೆಲಸ. ಮೂವತ್ತು ನಲವತ್ತು ಅಡಿಯ ಮನೆಯ ಮೇಲೆ ೫೦ ಮಿ.ಮೀ. ಮಳೆ ಬಿದ್ದರೆ ನೀರು ಸುಮಾರು ೫,೫೦೦ ಲೀಟರ್! ಅಷ್ಟೂ ಒಂದೆರಡು ತೂಬಿನಲ್ಲಿ ಹೋಗಬೇಕು. ತೂಬು ಗೋಡೆಯಿಂದ ಒಂದಡಿಯಾದರೂ ಮುಂದಕ್ಕೆ ಚಾಚಿರಲಿ. ಇಲ್ಲದಿದ್ದರೆ ನೀರು ಗೋಡೆಯನ್ನೇ ತಿನ್ನುತ್ತದೆ. ತಗಡಿನ ದೋಣಿಗೆ ಹತ್ತಡಿಗೆ ಒಂದಂಗುಲ ಇಳಿಜಾರು ಸಾಕು. ಎಲೆ, ಕಸ ಬಳಿಯುವುದು ಮನೆಯವರ ಕೆಲಸ, ಮೇಸ್ತ್ರಿಯದ್ದಲ್ಲ. ಸಂದಿನಲ್ಲಿ ಅರಳಿ ಸಸಿ ಕಂಡರೆ ಚಿಕ್ಕದಿರುವಾಗಲೇ ಬೇರುಸಮೇತ ತೆಗೆಯಿರಿ. ಮುಂದೆ ಅದೇ ಗೋಡೆ ಸೀಳುತ್ತದೆ.

ತೊಟ್ಟಿ ಮನೆಗೆ ಮಂಗಳೂರು ಹೆಂಚು ಹೊದಿಸಿದವರೂ ಉಂಟು. ಬಾಸೆಲ್ ಮಿಷನ್ ೧೮೬೫ರಲ್ಲಿ ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹೆಂಚಿನ ಜಾತಿ ಅದು. ಅಲ್ಲಿ ಒಡೆದ ಹೆಂಚು ಬದಲಿಸುವಾಗ ಕೆಳಗಿನ ರೀಪು ಪಟ್ಟಿಯನ್ನೂ ತಟ್ಟಿ ನೋಡಬೇಕು. ಸೂರು ಬಾಗುವುದು ಪಟ್ಟಿ ಕೊಳೆತಾಗ.

ತೂಬಿನ ನೀರು ಪಕ್ಕದವರ ಗೋಡೆಗೆ ಬಿದ್ದರೆ ಜಗಳ, ತೊಟ್ಟಿಗೆ ಬಿದ್ದರೆ ಲಾಭ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟವಿರುವ ಜಿಲ್ಲೆ ನಮ್ಮದು. ಶುದ್ಧವಾದ ಸೂರಿನಿಂದ, ಮೊದಲ ಮಳೆ ಬಿಟ್ಟು, ಸೋಸಿ ಹಿಡಿದ ನೀರಿಗೆ ಆ ಕಾಟವಿಲ್ಲ.

ರಿಪೇರಿಗೆ ಕಾಲ ಯುಗಾದಿಯಿಂದ ಮುಂಗಾರಿನವರೆಗೆ. ಸೋರುವ ಜಾಗಗಳಿಗೆ ಮಳೆಯಲ್ಲೇ ಇದ್ದಿಲಿನ ಗುರುತು ಹಾಕಿಟ್ಟುಕೊಂಡು, ಬಿಸಿಲಲ್ಲಿ ಮೇಸ್ತ್ರಿ ಕರೆಸುವವನೇ ಜಾಣ. ಬಿದ್ದ ಮನೆಗೆ ಸರ್ಕಾರದ ಪರಿಹಾರ ಬಂದೀತು. ಒಳಗೆ ಮಲಗಿದ್ದವರನ್ನು ಯಾರು ತಂದುಕೊಡುತ್ತಾರೆ?