ಎಂಬತ್ತು ಅಕ್ಷರಗಳ ಒಂದು ಸಾಲು: ಸೂರತ್‌ನ ಕ್ಷುದ್ರಗ್ರಹ ಮತ್ತು ಕಾಣದ ಕೈಗಳ ತಂತ್ರಾಂಶ

ಸೂರತ್: ಜವಳಿ ಮತ್ತು ವಜ್ರದ ವ್ಯಾಪಾರಕ್ಕೆ ಪ್ರಸಿದ್ಧವಾದ ಈ ನಗರದ ಹೆಸರು 2020ರ ಜುಲೈ ತಿಂಗಳಿನಲ್ಲಿ ಬೇರೊಂದು ಕಾರಣಕ್ಕೆ ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಹತ್ತನೇ ತರಗತಿಯಲ್ಲಿ ಕಲಿಯುತ್ತಿದ್ದ ಇಲ್ಲಿನ ಇಬ್ಬರು ಬಾಲಕಿಯರು ಹೊಸದೊಂದು ಕ್ಷುದ್ರಗ್ರಹವನ್ನು ಗುರುತಿಸಿದ್ದರು. ಅದಕ್ಕೆ ದೊರೆತ ತಾತ್ಕಾಲಿಕ ಗುರುತು ‘ಎಚ್‌ಎಲ್‌ವಿ2514’. ಕೊರೊನಾ ಕಾಲದ ಆ ದಿನಗಳಲ್ಲಿ ಸಿಕ್ಕಿದ ಈ ಶುಭವಾರ್ತೆಗೆ ಗುಜರಾತಿನ ಜನರೆಲ್ಲ ಸಂತೋಷಪಟ್ಟರು. ಆದರೆ ಸೂರತ್‌ನ ಪರದೆಯ ಮೇಲೆ ಕಂಡ ಒಂದು ಚುಕ್ಕೆ ಜಗತ್ತಿನ ಖಾತೆ ಪುಸ್ತಕಕ್ಕೆ ಸೇರಿದ್ದು ಹೇಗೆ, ನಡುವೆ ಯಾರ ಯಾರ ದುಡಿಮೆ ಇತ್ತು ಎಂಬ ವಿಷಯ ಅಷ್ಟಾಗಿ ಬೆಳಕಿಗೆ ಬರಲಿಲ್ಲ.

ಚುಕ್ಕೆ ಸಿಕ್ಕಿದ ಬಗೆ

ಬಾಲಕಿಯರು ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದ್ದಲ್ಲ. ಹವಾಯಿಯ ಹಲೆಯಾಕಲಾ ಶಿಖರದಲ್ಲಿರುವ ಪ್ಯಾನ್‌ಸ್ಟಾರ್ಸ್ ಎಂಬ 1.8 ಮೀಟರ್ ವ್ಯಾಸದ ದೂರದರ್ಶಕವು ರಾತ್ರಿಯಿಡೀ ಆಕಾಶದ ಚಿತ್ರಗಳನ್ನು ತೆಗೆಯುತ್ತಿರುತ್ತದೆ. ಒಂದೇ ಭಾಗದ ನಾಲ್ಕು ಚಿತ್ರಗಳನ್ನು ಸ್ವಲ್ಪ ಸ್ವಲ್ಪ ಹೊತ್ತಿನ ಅಂತರದಲ್ಲಿ ತೆಗೆದರೆ, ನಕ್ಷತ್ರಗಳು ಇದ್ದಲ್ಲೇ ಇರುತ್ತವೆ; ಕ್ಷುದ್ರಗ್ರಹ ಮಾತ್ರ ಸರಿದಿರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಹಾರ್ಡಿನ್-ಸಿಮನ್ಸ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಮಿಲ್ಲರ್ ಅವರು ಆರಂಭಿಸಿದ ಅಂತಾರಾಷ್ಟ್ರೀಯ ಖಗೋಳ ಶೋಧ ಸಹಯೋಗ (ಐಎಎಸ್‌ಸಿ) ಈ ಚಿತ್ರಗಳನ್ನು ಹಲವು ದೇಶಗಳ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚುತ್ತದೆ. ನಮ್ಮ ದೇಶದಲ್ಲಿ ‘ಸ್ಪೇಸ್ ಇಂಡಿಯಾ’ ಸಂಸ್ಥೆಯ ಮೂಲಕ ನಡೆದ ಇಂತಹ ಅಭಿಯಾನದಲ್ಲೇ ಸೂರತ್‌ನ ವಿದ್ಯಾರ್ಥಿನಿಯರು ಭಾಗವಹಿಸಿದ್ದರು.

ಚಿತ್ರ ನೋಡಿದರಷ್ಟೇ ಸಾಲದು; ವರದಿ ಸಲ್ಲಿಸಬೇಕು. ಆ ವರದಿ ತಲುಪಬೇಕಾದ್ದು ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ. 1947ರಲ್ಲಿ ಸ್ಥಾಪನೆಗೊಂಡ ಈ ಕೇಂದ್ರವು ಜಗತ್ತಿನ ಎಲ್ಲ ಕ್ಷುದ್ರಗ್ರಹ, ಧೂಮಕೇತುಗಳ ವೀಕ್ಷಣೆಗಳ ಲೆಕ್ಕವನ್ನು ಇಡುತ್ತದೆ. ಇದನ್ನು ಕ್ಷುದ್ರಗ್ರಹಗಳ ಕ್ಲಿಯರಿಂಗ್ ಹೌಸ್ ಎಂದರೆ ತಪ್ಪಾಗಲಾರದು.

ಚಲನ್ ತುಂಬುವಷ್ಟೇ ಎಚ್ಚರ

ಬಹಳ ವರ್ಷಗಳಿಂದ ಈ ಕೇಂದ್ರಕ್ಕೆ ಒಂದು ವೀಕ್ಷಣೆ ಎಂದರೆ ಎಂಬತ್ತು ಅಕ್ಷರಗಳ ಒಂದು ಸಾಲು. ರಂಧ್ರ ಕೊರೆದ ಕಾರ್ಡುಗಳನ್ನು ಗಣಕಕ್ಕೆ ಉಣಿಸುತ್ತಿದ್ದ ಕಾಲದ ಅಳತೆ ಇದು. ಆರರಿಂದ ಹನ್ನೆರಡನೆಯ ಮನೆಯವರೆಗೆ ತಾತ್ಕಾಲಿಕ ಗುರುತು. ಎಚ್‌ಎಲ್‌ವಿ2514 ಎಂಬ ಗುರುತಿನಲ್ಲಿ ಇಂಗ್ಲಿಷಿನ ಏಳೇ ಅಕ್ಷರ-ಅಂಕಿಗಳಿದ್ದು, ಅವು ಈ ಏಳು ಮನೆಗಳಿಗೆ ಸರಿಯಾಗಿ ಕೂರುತ್ತವೆ. ಆ ಬಳಿಕ ದಿನಾಂಕ, ಆಕಾಶದಲ್ಲಿನ ಸ್ಥಾನ, ಹೊಳಪು. ಕೊನೆಯ ಮೂರು ಮನೆಗಳಲ್ಲಿ ವೀಕ್ಷಣಾಲಯದ ಸಂಕೇತ. ಪ್ಯಾನ್‌ಸ್ಟಾರ್ಸ್‌ನ ಮೊದಲ ದೂರದರ್ಶಕದ ಸಂಕೇತ ಎಫ್51. ಬ್ಯಾಂಕಿನ ಹನ್ನೊಂದು ಅಕ್ಷರಗಳ ಐಎಫ್‌ಎಸ್‌ಸಿಯಲ್ಲಿ ಒಂದು ಅಂಕೆ ತಪ್ಪಿದರೆ ಹಣ ಹೇಗೆ ದಾರಿ ತಪ್ಪುತ್ತದೋ, ಇಲ್ಲಿ ಒಂದು ಮನೆ ಆಚೀಚೆಯಾದರೆ ಇಡೀ ರಾತ್ರಿಯ ದುಡಿಮೆ ತಿರಸ್ಕೃತವಾಗಬಹುದು.

ಈ ಸಾಲನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ, ತಂತ್ರಾಂಶ ಬರೆಯುತ್ತದೆ. ಐಎಎಸ್‌ಸಿ ಅಭಿಯಾನಗಳಲ್ಲಿ ಮಕ್ಕಳು ಬಳಸುತ್ತಾ ಬಂದ ‘ಆಸ್ಟ್ರೋಮೆಟ್ರಿಕಾ’ ಎಂಬ ತಂತ್ರಾಂಶವನ್ನು ಬರೆದವರು ಆಸ್ಟ್ರಿಯಾದ ಹೆರ್ಬರ್ಟ್ ರಾಬ್. ಈಚೆಗೆ ‘ಎಡಿಇಎಸ್’ ಎಂಬ ಹೊಸ ನಮೂನೆ ಬಂದಿದೆ. ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದನ್ನೂ ಇದರಲ್ಲಿ ಬರೆಯಬಹುದು. ಹಳೆಯ ಸಾಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈ ಹೊಸ ನಮೂನೆಯ ನಿಯಮಗಳನ್ನೂ, ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಉಪಕರಣಗಳನ್ನೂ ಯಾರು ಬೇಕಾದರೂ ನೋಡಿ ತಿದ್ದುಪಡಿ ಸೂಚಿಸಬಹುದಾದ ಮುಕ್ತ ತಂತ್ರಾಂಶವಾಗಿ ಪ್ರಕಟಿಸಲಾಗಿದೆ.

ಬರಹ, ನುಡಿಗಳ ಹಳೆಯ ಕಡತಗಳನ್ನು ಇಂದಿನ ಯೂನಿಕೋಡ್ ಗಣಕದಲ್ಲಿ ತೆರೆದು, ಅರ್ಥವಾಗದ ಅಕ್ಷರಗಳ ರಾಶಿಯನ್ನು ಕಂಡು ತಲೆ ಮೇಲೆ ಕೈಹೊತ್ತ ಕನ್ನಡಿಗರಿಗೆ ಪರಿವರ್ತಕದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಸಂಘಗಳ ಹಳೆಯ ಸ್ಮರಣ ಸಂಚಿಕೆಗಳ ಪಾಡೂ ಅದೇ.

ನೋಡುವುದಕ್ಕೂ ಅರ್ಜಿ

ವೀಕ್ಷಣೆಯ ವರದಿಗೆ ಮಾತ್ರವಲ್ಲ, ವೀಕ್ಷಣೆ ಮಾಡಿಕೊಡಿ ಎಂದು ಕೇಳುವುದಕ್ಕೂ ತಂತ್ರಾಂಶ ಬೇಕು. ರೋಬಾಟಿಕ್ ದೂರದರ್ಶಕದ ಬಳಿ ರಾತ್ರಿ ನಿದ್ದೆಗೆಟ್ಟು ಕೂರುವವರು ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ರಧಾನ ಕಚೇರಿಯಿರುವ ಲಾಸ್ ಕುಂಬ್ರೆಸ್ ವೀಕ್ಷಣಾಲಯವನ್ನೇ ನೋಡಿ. ಹವಾಯಿ, ಆಸ್ಟ್ರೇಲಿಯಾ, ಚಿಲಿ, ದಕ್ಷಿಣ ಆಫ್ರಿಕಾ, ಟೆಕ್ಸಾಸ್, ಕೆನರಿ ದ್ವೀಪ ಹೀಗೆ ಹಲವೆಡೆ ಅದರ ದೂರದರ್ಶಕಗಳಿವೆ. ಯಾವ ಕಾಯ, ಯಾವ ಶೋಧಕ ಗಾಜು, ಎಷ್ಟು ಸೆಕೆಂಡು, ಯಾವ ದಿನಾಂಕದೊಳಗೆ ಎಂದು ಅರ್ಜಿ ತುಂಬಿದರೆ, ಎಲ್ಲರ ಅರ್ಜಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಗಣಕವೇ ರಾತ್ರಿಯ ಸರದಿಯನ್ನು ನಿಶ್ಚಯಿಸುತ್ತದೆ. ಒಂದೆಡೆ ಮೋಡ ಕವಿದರೆ ಸರದಿಯನ್ನು ಹೊಸದಾಗಿ ಜೋಡಿಸುತ್ತದೆ. ಅವಧಿ ಮೀರಿದ ಅರ್ಜಿ, ಮೂರು ತಿಂಗಳು ದಾಟಿದ ಚೆಕ್ಕಿನಂತೆ, ತನ್ನಷ್ಟಕ್ಕೆ ನಿರುಪಯುಕ್ತವಾಗುತ್ತದೆ. ಈ ಅರ್ಜಿ ಸ್ವೀಕರಿಸುವ ತಂತ್ರಾಂಶವನ್ನೂ, ಸಂಶೋಧಕರು ತಮ್ಮ ಕಾಯಗಳ ಪಟ್ಟಿ ಇಟ್ಟುಕೊಂಡು ಅರ್ಜಿ ಕಳುಹಿಸಲು ನೆರವಾಗುವ ‘ಟಾಮ್ ಟೂಲ್‌ಕಿಟ್’ ಅನ್ನೂ ಆ ಸಂಸ್ಥೆ ಮುಕ್ತವಾಗಿ ಹಂಚಿದೆ ಎಂಬುದು ಉಲ್ಲೇಖನೀಯ.

ಇಪ್ಪತ್ತು ಗಂಟೆಗಳ ಅವಕಾಶ

ಇದೆಲ್ಲ ತಡವಾದರೆ ನಷ್ಟವೇನು ಎಂದು ಕೇಳುವವರಿಗೆ 2008ರ ಅಕ್ಟೋಬರ್ 6ರ ಘಟನೆ ಉತ್ತರ ಹೇಳುತ್ತದೆ. ಅಂದು ಅಮೆರಿಕದ ಕ್ಯಾಟಲಿನಾ ಸಮೀಕ್ಷೆಯಲ್ಲಿ ಕಂಡ, ಸುಮಾರು ನಾಲ್ಕು ಮೀಟರ್ ಅಡ್ಡಳತೆಯ ‘2008 ಟಿಸಿ3’ ಎಂಬ ಬಂಡೆ ಇಪ್ಪತ್ತು ಗಂಟೆಗಳಲ್ಲಿ ಸುಡಾನ್‌ನ ಮರುಭೂಮಿಯ ಮೇಲೆ ಬಂದು ಸಿಡಿಯಿತು. ಭೂಮಿಗೆ ಬಡಿಯುವ ಮೊದಲೇ ಲೆಕ್ಕ ಹಾಕಿ ಹೇಳಿದ ಮೊದಲ ಕ್ಷುದ್ರಗ್ರಹ ಅದು. ಆ ಅಲ್ಪ ಸಮಯದಲ್ಲೇ ವಿವಿಧ ವೀಕ್ಷಣಾಲಯಗಳಿಂದ ಐನೂರಕ್ಕೂ ಹೆಚ್ಚು ವೀಕ್ಷಣೆಗಳು ಕೇಂದ್ರಕ್ಕೆ ಬಂದು ಸೇರಿದ್ದರಿಂದ ಎಲ್ಲಿ, ಯಾವಾಗ ಬೀಳುತ್ತದೆಂದು ಹೇಳಲು ಸಾಧ್ಯವಾಯಿತು. ಅಪಾಯವಿಲ್ಲದ ಕ್ಷುದ್ರಗ್ರಹದ ವಿಷಯದಲ್ಲೂ ಅಷ್ಟೆ. ಕಂಡ ಮೇಲೆ ಕೆಲವು ರಾತ್ರಿಗಳೊಳಗೆ ಮತ್ತೆ ಮತ್ತೆ ಅಳೆಯದಿದ್ದರೆ ಅದರ ದಾರಿ ಗೊತ್ತಾಗದೆ ಕಳೆದುಹೋಗುತ್ತದೆ. ಶಾಶ್ವತ ಸಂಖ್ಯೆ ಸಿಗಲು ವರ್ಷಗಳ ವೀಕ್ಷಣೆ ಬೇಕು. ಹೆಸರಿಡುವ ಭಾಗ್ಯ ಅದರ ನಂತರದ್ದು.

ಕೆಟ್ಟಮೇಲೆ ನೆನಪಾಗುವವರು

ತಂತ್ರಾಂಶ ಒಮ್ಮೆ ಬರೆದರೆ ಮುಗಿಯಿತು ಎಂಬ ಭಾವನೆ ಅನೇಕರಲ್ಲಿದೆ. ವಾಸ್ತವದಲ್ಲಿ ಅದಕ್ಕೂ ಮನೆಯಂತೆ ವರ್ಷ ವರ್ಷ ದುರಸ್ತಿ ಬೇಕು. ಖಗೋಳ ತಂತ್ರಾಂಶಗಳಲ್ಲಿ ಬಹುಪಾಲು ಬರೆದಿರುವುದು ಪೈಥಾನ್ ಭಾಷೆಯಲ್ಲಿ. ಅದರ ಎರಡನೆಯ ಆವೃತ್ತಿಗೆ 2020ರ ಜನವರಿ 1ರಿಂದ ಬೆಂಬಲ ನಿಂತಾಗ, ಹಳೆಯ ಬರವಣಿಗೆಯನ್ನೆಲ್ಲ ಮೂರನೆಯ ಆವೃತ್ತಿಗೆ ಹೊಂದಿಸುವ ಹೊಣೆ ನಿರ್ವಾಹಕರ ಮೇಲೆ ಬಿತ್ತು.

ಇನ್ನೊಂದು ಉದಾಹರಣೆ. ಭೂಮಿ ತಿರುಗುವ ವೇಗ ಒಂದೇ ಸಮನಾಗಿಲ್ಲ. ಆದ್ದರಿಂದ ದೂರದರ್ಶಕವನ್ನು ನಿಖರವಾಗಿ ತಿರುಗಿಸಲು ಆಗಾಗ ಪ್ರಕಟವಾಗುವ ಭೂಪರಿಭ್ರಮಣದ ಕೋಷ್ಟಕ ಬೇಕಾಗುತ್ತದೆ. ‘ಆಸ್ಟ್ರೋಪೈ’ ಎಂಬ ಜನಪ್ರಿಯ ಮುಕ್ತ ತಂತ್ರಾಂಶ ಅದನ್ನು ಅಮೆರಿಕದ ನೌಕಾ ವೀಕ್ಷಣಾಲಯದ ತಾಣದಿಂದ ತಾನಾಗಿ ತರಿಸಿಕೊಳ್ಳುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಆ ತಾಣವನ್ನು ನವೀಕರಣಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದಾಗ, ಎಲ್ಲೆಲ್ಲೋ ಕುಳಿತವರ ಗಣಕಗಳಲ್ಲಿ ದೋಷ ಸೂಚನೆಗಳು ಬರತೊಡಗಿದವು. ನಿರ್ವಾಹಕರು ಬೇರೆ ವಿಳಾಸವನ್ನು ಸೇರಿಸಿ ಸರಿಪಡಿಸಿಕೊಟ್ಟರು.

ಹೀಗೆ ದುಡಿಯುವವರಿಗೆ ಸಂಬಳವೆಷ್ಟು? 2016ರಲ್ಲಿ ಕೆಲವು ಖಗೋಳ ವಿಜ್ಞಾನಿಗಳು ‘ಆಸ್ಟ್ರೋಪೈ ಸಮಸ್ಯೆ’ ಎಂಬ ಶೀರ್ಷಿಕೆಯಲ್ಲೇ ಲೇಖನ ಬರೆದು, ಜಗತ್ತೇ ಅವಲಂಬಿಸಿರುವ ಈ ತಂತ್ರಾಂಶ ಸ್ವಯಂಸೇವಕರ ಬಿಡುವಿನ ವೇಳೆಯ ಮೇಲೆ ನಿಂತಿದೆ, ಇದಕ್ಕೆ ತಕ್ಕ ಹಣಕಾಸಿನ ನೆರವಿಲ್ಲ ಎಂದು ಎಚ್ಚರಿಸಿದ್ದರು. ಸಂಶೋಧನಾ ಪ್ರಬಂಧ ಬರೆದವರಿಗೆ ಬಡ್ತಿ ಸಿಗುತ್ತದೆ. ದೋಷ ತಿದ್ದಿದವರಿಗೆ ಸಿಗುವುದು ಅಪರೂಪ. ಸಂಘದ ಸಮಾರಂಭದಲ್ಲಿ ವೇದಿಕೆ ಮೇಲಿದ್ದವರಿಗೆ ಶಾಲು, ಹಾರ. ಬೆಳಗಿನಿಂದ ಕುರ್ಚಿ ಹಾಕಿ ಲೆಕ್ಕ ಬರೆದವರನ್ನು ಕೇಳುವವರಿಲ್ಲ ಎಂಬ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಅಮೆರಿಕದ ಮೇನ್ ರಾಜ್ಯದ ಬಿಲ್ ಗ್ರೇ ಅವರು ‘ಫೈಂಡ್ ಆರ್ಬ್’ ಎಂಬ ಕಕ್ಷೆ ಲೆಕ್ಕ ಹಾಕುವ ತಂತ್ರಾಂಶವನ್ನು ಬರೆದು, ಎಲ್ಲರಿಗೂ ತೆರೆದಿಟ್ಟು, ನೋಡಿಕೊಂಡು ಬಂದಿದ್ದಾರೆ. 2022ರಲ್ಲಿ ಚಂದ್ರನಿಗೆ ಅಪ್ಪಳಿಸಲಿದ್ದ ರಾಕೆಟ್ ಅವಶೇಷವೊಂದನ್ನು ಸ್ಪೇಸ್ ಎಕ್ಸ್ ಕಂಪೆನಿಯದ್ದೆಂದು ಅವರು ಮೊದಲು ಹೇಳಿದ್ದರು. ನಾಸಾದ ಪ್ರಯೋಗಾಲಯದ ವಿಜ್ಞಾನಿಯೊಬ್ಬರು ಸಂಶಯ ವ್ಯಕ್ತಪಡಿಸಿದಾಗ ಮತ್ತೆ ಲೆಕ್ಕ ಹಾಕಿ, ಅದು ಚೀನಾದ 2014ರ ಚಾಂಗ್'ಎ 5-ಟಿ1 ಯಾನದ ರಾಕೆಟ್ ಎಂದು ಬಹಿರಂಗವಾಗಿ ತಿದ್ದಿಕೊಂಡರು. ಆ ವರ್ಷದ ಮಾರ್ಚ್ 4ರಂದು ಅದು ಚಂದ್ರನಿಗೆ ಬಡಿಯಿತು. ಲೆಕ್ಕ ತೆರೆದಿದ್ದರೆ ತಪ್ಪನ್ನು ಹುಡುಕುವುದೂ ಸುಲಭ, ಒಪ್ಪುವುದೂ ಸುಲಭ.

ಅದಮಾರಿನಿಂದ ಅಹಮದಾಬಾದಿಗೆ

ಆಕಾಶದ ವಿಷಯದಲ್ಲಿ ಗುಜರಾತಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾಗಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಲ್ಲಿ (ಪಿಆರ್‌ಎಲ್) ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರು. ಮುಂದೆ 1975ರ ಆರ್ಯಭಟ ಉಪಗ್ರಹದ ರೂವಾರಿಯಾಗಿ, ಇಸ್ರೋ ಅಧ್ಯಕ್ಷರಾಗಿ ನಾಡಿಗೆ ಕೀರ್ತಿ ತಂದರು. ಅದೇ ಪಿಆರ್‌ಎಲ್ ಮೌಂಟ್ ಅಬುವಿನ ಗುರುಶಿಖರದಲ್ಲಿ 1.2 ಮೀಟರ್ ದೂರದರ್ಶಕವನ್ನು ನಡೆಸುತ್ತಿದ್ದು, 2022ರಲ್ಲಿ 2.5 ಮೀಟರ್‌ನ ಇನ್ನೊಂದನ್ನು ಸೇರಿಸಿಕೊಂಡಿದೆ.

ಕರ್ನಾಟಕದ ಕಡೆ ನೋಡಿದರೆ, ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯ ಹೊಸಕೋಟೆ ಕೇಂದ್ರದಿಂದ. ಅದೇ ಸಂಸ್ಥೆ ಐಐಟಿ ಬಾಂಬೆಯೊಂದಿಗೆ ಸೇರಿ 2018ರಲ್ಲಿ ಹಾನ್ಲೆಯಲ್ಲಿ ಆರಂಭಿಸಿದ 70 ಸೆಂಟಿಮೀಟರ್‌ನ ‘ಗ್ರೋತ್-ಇಂಡಿಯಾ’ ದೇಶದ ಮೊದಲ ಪೂರ್ಣ ರೋಬಾಟಿಕ್ ಸಂಶೋಧನಾ ದೂರದರ್ಶಕ ಎನಿಸಿದೆ.

ಸಂಘಗಳು ಮಾಡಬಹುದಾದ್ದು

ಸೂರತ್, ವಡೋದರಾ, ಅಹಮದಾಬಾದಿನಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮಕ್ಕಳಲ್ಲಿ ಇಂಜಿನಿಯರಿಂಗ್, ಗಣಕ ವಿಜ್ಞಾನ ಕಲಿತವರಿಗೆ ಕೊರತೆಯಿಲ್ಲ. ಮುಕ್ತ ತಂತ್ರಾಂಶಕ್ಕೆ ಸೇವೆ ಸಲ್ಲಿಸಲು ಯಾರ ಶಿಫಾರಸೂ ಬೇಡ. ದೋಷ ಕಂಡರೆ ವಿವರವಾಗಿ ಬರೆದು ತಿಳಿಸುವುದು, ಬಳಕೆಯ ಕೈಪಿಡಿಯನ್ನು ತಿದ್ದುವುದು, ಹೊಸ ಆವೃತ್ತಿಯನ್ನು ಪರೀಕ್ಷಿಸುವುದು, ಕನ್ನಡದಲ್ಲೂ ಗುಜರಾತಿಯಲ್ಲೂ ಮಕ್ಕಳಿಗೆ ತಿಳಿಯುವಂತೆ ಸೂಚನೆ ಬರೆಯುವುದು, ಇವೆಲ್ಲವೂ ನಿರ್ವಹಣೆಯೇ. ಪ್ರತಿ ವರ್ಷ ಪ್ರತಿಭಾ ಪುರಸ್ಕಾರ, ಪುಸ್ತಕ ವಿತರಣೆಗಳನ್ನು ತಪ್ಪದೆ ನಡೆಸುವ ನಮ್ಮ ಸಂಘ-ಸಂಸ್ಥೆಗಳು ರಜಾದಿನದ ಒಂದು ಮಧ್ಯಾಹ್ನವನ್ನು ಇದಕ್ಕೂ ಮೀಸಲಿಟ್ಟರೆ ಖರ್ಚು ಹೆಚ್ಚೇನೂ ಬಾರದು. ನಗರದ ಸಿಟಿಲೈಟ್ ರಸ್ತೆಯ ವಿಜ್ಞಾನ ಕೇಂದ್ರದ ತಾರಾಲಯಕ್ಕೆ ಮಕ್ಕಳನ್ನು ಕರೆದೊಯ್ದು ಅಲ್ಲಿಂದಲೇ ಆರಂಭಿಸಬಹುದು.

ಸೂರತ್‌ನ ಇಬ್ಬರು ಬಾಲಕಿಯರು ಚುಕ್ಕೆಯನ್ನು ಕಂಡರು. ಮುಂದಿನ ಮಕ್ಕಳು ಕಾಣುವ ಚುಕ್ಕೆಯೂ ಕೇಂದ್ರದ ಖಾತೆಗೆ ತಪ್ಪಿಲ್ಲದೆ ಜಮೆಯಾಗಬೇಕಾದರೆ, ನಡುವಿನ ತಂತ್ರಾಂಶವನ್ನು ಸುಸ್ಥಿತಿಯಲ್ಲಿ ಇಡುವವರು ಬೇಕು. ಅವರಲ್ಲಿ ಗುಜರಾತಿನ ಕನ್ನಡದ ಮಕ್ಕಳೂ ಇರಲಿ.